ಕೂಸಿನ ನೆತ್ತಿಯ ನೀರು

ಆ ಭಾನುವಾರವೂ ಎಲ್ಲ ದಿನದಂತೆಯೇ ಶುರುವಾಯಿತು. ಹಾಲು ಉಕ್ಕುವ ಮೊದಲೇ ಒಲೆ ಆರಿಸಿದೆ. ಆರಿಸಿದೆನೋ ಇಲ್ಲವೋ ಎಂದು ಮತ್ತೊಮ್ಮೆ ಹೋಗಿ ನೋಡಿ ಬಂದೆ. ಅಷ್ಟರಲ್ಲಿ ಅತ್ತೆಯವರು ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು ಎದುರುಮನೆಯ ರೂತಳ ಬಚ್ಚಲಿಗೆ ಹೊರಟಿದ್ದರು. ಮಂಡಿನೋವಿನ ಔಷಧಕ್ಕೆಂದು ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಂದವರಿಗೆ ನಮ್ಮ ಫ್ಲ್ಯಾಟಿನಲ್ಲಿ ಹೊತ್ತೇ ಹೋಗುತ್ತಿರಲಿಲ್ಲ. ತಾಯಿಯಿಲ್ಲದ ರೂತಳಿಗೆ ಕೂಸು ಹುಟ್ಟಿತು, ಅತ್ತೆಗೆ ಕೆಲಸ ಹುಟ್ಟಿತು. ದಿನಾ ಬೆಳಿಗ್ಗೆ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುವುದು. ಆ ಹೊತ್ತಿನಲ್ಲಿ ಮಾತ್ರ ಅವರ ಮಂಡಿ ನೋಯುವುದಿಲ್ಲ.

ಎರೆದು ಬಂದವರೇ ಚಹಾದ ಬಟ್ಟಲು ಹಿಡಿದು ಕೇಳಿದರು. "ಇವತ್ತ ಚರ್ಚಿನಾಗ ಮತ್ತ ನೀರ ಹಾಕ್ತಾರಂತಲ್ಲ? ನಾ ಎರದದ್ದು ಸಾಲ್ಲಿಲ್ಲೇನು?"

"ಅದು ದೀಕ್ಷಾಸ್ನಾನ ಅತ್ತಿ. ಪಾಪ ತೊಳೀತದಂತ."

"ಎರಡು ತಿಂಗಳ ಕೂಸು ಏನ ಪಾಪ ಮಾಡ್ಯದ? ನಿದ್ದ್ಯಾಗ ಮೂತಿ ಸೊಟ್ಟ ಮಾಡ್ತದ, ಅಷ್ಟ."

ನಾನು ಕಾನ್ವೆಂಟಿನಲ್ಲಿ ಓದಿದವಳು. ನನ್ನ ಕಷ್ಟವೆಲ್ಲ ಅದೇ. ಕ್ರೈಸ್ತರ ವಿಷಯ ಏನೇ ಬಂದರೂ ಮನೆಯವರು ನನ್ನ ಮುಖ ನೋಡುತ್ತಾರೆ. ನಮ್ಮ ಶಾಲೆಯಲ್ಲಿ ಕ್ರೈಸ್ತ ಹುಡುಗಿಯರಿಗೆ ಧರ್ಮಪಾಠ ನಡೆಯುವಾಗ ನಾವು ಉಳಿದವರು ಪಕ್ಕದ ಕೋಣೆಯಲ್ಲಿ ನೀತಿಪಾಠಕ್ಕೆ ಕೂರುತ್ತಿದ್ದೆವೆಂದು ಯಾರಿಗೆ ಹೇಳಲಿ? ನನಗೆ ಗೊತ್ತಿರುವುದೆಲ್ಲ ಗೋಡೆಯಾಚೆಯಿಂದ ಬಂದದ್ದು. ಪ್ರಶ್ನೆಯನ್ನು ಸಿಸ್ಟರ್ ಗಟ್ಟಿಯಾಗಿ ಕೇಳುತ್ತಿದ್ದರು; ಉತ್ತರವನ್ನು ಹುಡುಗಿಯರು ಮೆಲ್ಲಗೆ ಹೇಳುತ್ತಿದ್ದರು. ಹೀಗಾಗಿ ಪ್ರಶ್ನೆಗಳೆಲ್ಲ ನನಗೆ ಇಂದಿಗೂ ಬಾಯಿಪಾಠ.

ಚರ್ಚಿನಲ್ಲಿ ರೂತ್ ನಮ್ಮ ಅತ್ತೆಯನ್ನು "ಬಾ ಆಯಿ" ಎಂದು ಕೈ ಹಿಡಿದು ಮುಂದಕ್ಕೆ ಕರೆದೊಯ್ದು ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡಳು. ರೂತಳ ಸ್ವಂತ ಅತ್ತೆಯ ಹುಬ್ಬು ಸ್ವಲ್ಪ ಮೇಲೇರಿದ್ದನ್ನು ನಾನು ಕಂಡೆ. ಬಿಳಿ ಅಂಗಿಯ ಕೂಸು, ಮೇಣದಬತ್ತಿ, ಅಮೃತಶಿಲೆಯ ಬೋಗುಣಿ. ಫಾದರ್ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ನೀರು ಸುರಿದರು. ಕೂಸು ಚೀರಿತು. ಅಷ್ಟೇ ಸಾಕಾಯಿತು. ನಮ್ಮ ಅತ್ತೆಯ ಕೈಗೆ ಜಾಗದ ಪರಿವೆ ಎಲ್ಲಿಯದು? ಸೆರಗಿನಿಂದ ನೆತ್ತಿಯನ್ನು ಒತ್ತಿ ಒರೆಸಿ, ಸೊಂಟದ ಸಂಚಿಯಿಂದ ಚಿಟಿಕೆ ಬಜೆಪುಡಿ ತೆಗೆದು ತಿಕ್ಕಿಯೇಬಿಟ್ಟರು! "ನೆತ್ತಿ ಹಸಿ ಇಟ್ರ ಕೂಸಿಗೆ ಥಂಡಿ ಆಗ್ತದ್ರಿ ಸ್ವಾಮ್ಯಾರ" ಎಂದು ಫಾದರಿಗೂ ಬುದ್ಧಿ ಹೇಳಿದರು. ಅದೇ ನೆತ್ತಿಗೆ ಪವಿತ್ರ ತೈಲ ಹಚ್ಚಬೇಕಿದ್ದ ಫಾದರ್ ಬೆರಳೆತ್ತಿದವರು ಕ್ಷಣಹೊತ್ತು ಹಾಗೆಯೇ ನಿಂತರು. ಆಮೇಲೆ ಪುಡಿಯ ಮೇಲೆಯೇ ಹಚ್ಚಿದರು.

ಮಧ್ಯಾಹ್ನದ ಊಟ ನನಗೆ ರುಚಿಸಲಿಲ್ಲ. ಒರೆಸಿದ ಮೇಲೆ ದೀಕ್ಷೆ ಉಳಿಯಿತೋ ಹೋಯಿತೋ? ದೇವರಿಗೆ ತೋರಿಸುವ ಮೊದಲೇ ನೈವೇದ್ಯದ ರುಚಿ ನೋಡಿದ ಹಾಗಾಯಿತೇ? ಪಾಪವನ್ನು ನೀರು ತೊಳೆಯುವುದಾದರೆ, ಆ ನೀರು ಹೀರಿದ ಸೆರಗನ್ನು ಒಗೆಯಬೇಕೋ, ಮಡಿಸಿ ಇಡಬೇಕೋ? ಅತ್ತೆ ಮಾತ್ರ ಅದನ್ನು ಹೊದ್ದುಕೊಂಡೇ ಮಲಗಿದ್ದರು. ಆದರೆ ಕಣ್ಣು ತೆರೆದೇ ಇತ್ತು. "ನಂದಾ, ನಾಳಿ ಎರಿಯಾಕ ಕರೀತಾರಿಲ್ಲೋ?" ಎಂದರು ಗೋಡೆಯ ಕಡೆ ತಿರುಗಿ. ಅವರ ದನಿ ಇಷ್ಟು ಸಣ್ಣದಾದದ್ದನ್ನು ನಾನು ಕೇಳಿರಲೇ ಇಲ್ಲ. "ಕರೀತಾರ ಬಿಡ್ರಿ" ಎಂದೆ. ರೂತಳ ಅತ್ತೆಯ ಆ ಹುಬ್ಬು ಮಾತ್ರ ನನ್ನ ಕಣ್ಣ ಮುಂದಿನಿಂದ ಇಳಿಯಲಿಲ್ಲ.

ಸಂಜೆ ರೂತ್ ಗ್ಯಾಲರಿಯ ಹಗ್ಗದ ಮೇಲೆ ಒಣಗಿದ್ದ, ಕೂಸಿಗೆ ಹೊದಿಸುವ ದುಪಟಿ ತೆಗೆಯುತ್ತಿದ್ದಳು. ಕ್ಷಮೆ ಕೇಳಲು ಮೂರು ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವಳೇ ಅಂದಳು.

"ವೈನಿ, ನಾಳಿ ಆಯಿಗೆ ಜರಾ ಲಗೂನ ಬಾ ಅಂತ ಹೇಳ್ರಿ. ಫಾದರ್ ಎಣ್ಣಿ, ನಿಮ್ಮ ಪುಡಿ ಕೂಡಿ ತಲಿ ಅಂಟಂಟು ಆಗ್ಯದ. ಕಡ್ಲಿಹಿಟ್ಟು ಹಚ್ಚಿ ಎರೀಬೇಕು. ನಮ್ಮ ಅತ್ತೀನೂ ಆಕೀನ ಬರ್ಲಿ ಅಂದ್ರು."

ನನ್ನ ಎದೆ ಹಗುರವಾಯಿತು. ಮರುಕ್ಷಣವೇ ಇನ್ನೊಂದು ಗಾಬರಿ. "ಅಯ್ಯ, ಹಿಟ್ಟು ಹಚ್ಚಿ ತೊಳದ್ರ ಇವತ್ತಿಂದು ಹೋಗೋದಿಲ್ಲೇನ್ರಿ?"

ರೂತ್ ದುಪಟಿ ಝಾಡಿಸಿ ಹೆಗಲಿಗೆ ಹಾಕಿಕೊಂಡಳು. "ಅದೆಲ್ಲಿ ಹೋಗ್ತದ್ರಿ? ಒಮ್ಮೆ ಆದ್ರ ಜನ್ಮಕ್ಕ ಆತು. ಕಾನ್ವೆಂಟಿನಾಗ ಇಷ್ಟೂ ಹೇಳಿಕೊಟ್ಟಿಲ್ಲೇನು ನಿಮಗ?"