ಬಿಳುಪು ಮೊದಲು, ಜಿಗಿ ಆಮೇಲೆ

ಗುಡಗೇರಿ ಸಂತೆಯಲ್ಲಿ ತಲೆ ಕೆಡಿಸಿಕೊಳ್ಳದೆ ಜೋಳ ಕೊಳ್ಳುವ ಗಂಡಸು ತಾನೊಬ್ಬನೇ ಎಂದು ಗುಡದಪ್ಪ ಎದೆ ತಟ್ಟಿ ಹೇಳುತ್ತಿದ್ದ. ಉಳಿದವರು ಬಣ್ಣ, ಕಾಳು, ರುಚಿ, ರೊಟ್ಟಿ ಹರಿಯದಂತೆ ಹಿಟ್ಟನ್ನು ಹಿಡಿದಿಡುವ ಜಿಗಿ ಎಲ್ಲವನ್ನೂ ಕೂಡಿಸಿ ಕಳೆದು ಒದ್ದಾಡುತ್ತಾರೆ. ಗುಡದಪ್ಪನದು ಒಂದೇ ಶಾಸ್ತ್ರ. ಮೊದಲು ಬಿಳುಪು! ಎರಡು ರಾಶಿ ಬಿಳುಪಿನಲ್ಲಿ ಸರಿಸಮ ನಿಂತರೆ ಮಾತ್ರ ಮುಂದಿನ ಗುಣದ ವಿಚಾರಣೆ!

“ಶಬ್ದಕೋಶ ನೋಡೀಯೇನು?” ಎಂದು ಹೆಂಡತಿ ಮಾದೇವಿಗೆ ಪಾಠ ಹೇಳಿದ. “ಮೊದಲನೇ ಅಕ್ಷರದಾಗ ತೀರ್ಮಾನ ಆದ್ರ ಎರಡನೇ ಅಕ್ಷರ ಯಾರೂ ಕೇಳಂಗಿಲ್ಲ.”

“ಶಬ್ದಕೋಶ ಬಡದ್ರ ರೊಟ್ಟಿ ಆಕ್ಕಾವೇನು? ಜಿಗಿ ನೋಡಿ ತರ್ರಿ. ನಾಳೆ ನಿಮ್ಮಕ್ಕ ಬರತಾಳ.”

ಅದು ಸಣ್ಣ ಮಾತಲ್ಲ. ತಿರ್ಲಾಪುರಕ್ಕೆ ಕೊಟ್ಟ ಅಕ್ಕ ದುಂಡವ್ವ, ಮಾದೇವಿ ಹೊಸ ಸೊಸೆಯಾಗಿ ಬಂದಾಗ ‘ಈಕಿಗೆ ರೊಟ್ಟಿ ಬರಂಗಿಲ್ಲ’ ಎಂದು ಕೊಟ್ಟ ತೀರ್ಪನ್ನು ಇನ್ನೂ ವಾಪಸು ಪಡೆದಿರಲಿಲ್ಲ. ಊರೇ ಮೆಚ್ಚಿದ ರೊಟ್ಟಿಗೆ ಆ ಒಂದು ಬಾಯಿಯ ಶಹಬ್ಬಾಸ್ ಬಾಕಿ ಇತ್ತು. ನಾಳೆ ಅದನ್ನು ಹೊರಡಿಸಿಯೇ ತೀರಬೇಕೆಂದು ಮಾದೇವಿ ಸೆರಗು ಬಿಗಿದಿದ್ದಳು.

ಸಂತೆಯಲ್ಲಿ ವ್ಯಾಪಾರಿ ಅಕ್ಬರಸಾಬ ಎರಡು ರಾಶಿ ತೋರಿಸಿದ. “ಕಾಕಾ, ಇದು ಕೂದಲೆಳಿಯಷ್ಟ ಹೆಚ್ಚು ಬೆಳ್ಳಗೈತಿ ಖರೆ, ಆದ್ರ ಹಳೇ ಮಾಲು, ಜಿಗಿ ಸತ್ತೈತಿ. ಆ ಹೊಸಾದು ಒಯ್ರಿ.”

“ಕೂದಲೆಳಿಯಷ್ಟು ಬೆಳ್ಳಗೈತೋ ಇಲ್ಲೋ?”

“ಐತ್ರಿ.”

“ಮುಗೀತು! ಆ ಕಡೆ ಭೂಮಂಡಲದ ಜಿಗಿ ಎಲ್ಲಾ ತಂದು ಸುರುವಿದ್ರೂ ಒಲ್ಲೆ. ತುಂಬು ಚೀಲ!”

ಒಂದು ಗುಣವನ್ನು ತುಸು ಬಿಟ್ಟು ಇನ್ನೊಂದನ್ನು ತುಸು ಗಳಿಸಬೇಕೆಂದು ಅರ್ಥಶಾಸ್ತ್ರದ ಪಂಡಿತರು ಹೇಳುತ್ತಾರಂತೆ. ಗುಡದಪ್ಪನ ಮನೆಯಲ್ಲಿ ಅಂಥ ಚೌಕಾಶಿ ನಡೆಯುವುದಿಲ್ಲ.

ಮರುದಿನ ಗಿರಣಿಯಿಂದ ಹಿಟ್ಟು ಬಂತು. ಹಾಲಿನಂಥ ಬಿಳುಪು! ಮಾದೇವಿ ಕುದಿಯುವ ನೀರು ಹಾಕಿ ನಾದಿದಳು, ಬಡಿದಳು. ರೊಟ್ಟಿ ಹಂಚು ತಲುಪುವ ಮೊದಲೇ ಮೂರು ಪಾಲಾಯಿತು.

“ಹಿತ್ತಲ ಆಚಿ ರಾಜಮಾಬಿ ಮನಿಯಿಂದ ಒಂದ್ ಬೋಗಣಿ ಹಿಟ್ಟು ತಂದು ಬೆರಸೂಣ್ರಿ.”

“ಆಕೀದು ಕೆಂಪು! ಒಂದ್ ಚಿಟಿಕಿ ಬೆರಸಿದ್ರೂ ಬಿಳುಪು ಕೆಡತೈತಿ. ನಿನ್ನ ಕೈಯಾಗ ದೋಷ ಐತಿ, ಸರಿ ಬಾಜುಕ!”

ಧೋತರ ಎತ್ತಿ ಕಟ್ಟಿ ಗುಡದಪ್ಪ ತಾನೇ ಒಲೆಯ ಮುಂದೆ ಕುಳಿತ. ಅವನ ರೊಟ್ಟಿ ಮೂರು ಪಾಲಾಗಲಿಲ್ಲ. ಲೆಕ್ಕಕ್ಕೇ ಸಿಗದಷ್ಟು ಪಾಲಾಯಿತು! ಆದರೂ ಗದ್ದ ಎತ್ತಿ ಹೇಳಿದ, “ಚೂರು ನೋಡ ಬೇ, ಒಂದಕ್ಕಿಂತ ಒಂದು ಬೆಳ್ಳಗ!”

ಅಷ್ಟರಲ್ಲಿ ದುಂಡವ್ವ ಬಂದಳು. ಕೈಕಾಲು ತೊಳೆದು ತಾಟಿನ ಮುಂದೆ ಕುಳಿತಳು. ಕಣ್ಣಿಗೆ ಪೊರೆ ಬಂದಿತ್ತು, ಬಡಿಸಿದ ಚೂರುಗಳಲ್ಲಿ ಬೆರಳಾಡಿಸಿ ನೋಡಿದಳು.

“ಬಿಳಿದು ಕೆಂಪಂದು ನನಗೀಗ ಒಂದೂ ಕಾಣಂಗಿಲ್ಲವ್ವಾ. ಇದೇನಿದು, ನುಚ್ಚೇನು? ಚಲೋ ಆತು ಬಿಡು ಮಾದೇವಿ, ರೊಟ್ಟಿ ಉಸಾಬರಿ ಬಿಟ್ಟಿ.”

ಮಾದೇವಿ ಬೈಯಲಿಲ್ಲ. ಬೈದಿದ್ದರೆ ಗುಡದಪ್ಪ ತಿರುಗಿ ಬೈಯಬಹುದಿತ್ತು. ತುಂಬಿದ ಕಣ್ಣಲ್ಲಿ ಅವನನ್ನೊಮ್ಮೆ ನೋಡಿ ಖಾಲಿ ಬೋಗಣಿಯನ್ನು ಕೈಗಿಟ್ಟಳು. ಹಿತ್ತಲ ಬಾಗಿಲಿನಿಂದ ಗುಡದಪ್ಪ ಓಡಿದ.

“ರಾಜಮಾಬಿ, ಜ್ವಾಳದ ಹಿಟ್ಟು ಕೊಡವ್ವಾ. ಇದ್ದದ್ರಾಗ ಬೆಳ್ಳಂದು ಕೊಡು!”

“ಇರೂದ ಒಂದ ಡಬ್ಬಿ, ಕಾಕಾ. ಅದೂ ಕೆಂಪಗೈತಿ.”

ಗುಡದಪ್ಪ ಮೀಸೆ ತಿರುವಿದ.

“ಒಂದ ಇದ್ರ ಅದ ಎಲ್ಲಾದಕಿಂತ ಬೆಳ್ಳಂದು. ಲಗೂ ಹಾಕು, ಅಕ್ಕ ತಾಟಿನ ಮುಂದ ಕುಂತಾಳ!”