ಭಾವನ ಕ್ಯಾಮೆರಾಕ್ಕೊಂದು ರೇನ್‌ಕೋಟು

ನಿವೃತ್ತರಾಗುವ ಮ್ಯಾನೇಜರ್ ತಮ್ಮ ಕಡೆಯ ಫೋಟೋವನ್ನು ಸಮುದ್ರದ ದಡದಲ್ಲೇ ತೆಗೆಸಿಕೊಳ್ಳಬೇಕೆಂದು ಹಟ ಹಿಡಿದಾಗ, ಗುಮಾಸ್ತ ಬಾಯಿ ತಪ್ಪಿ ತನ್ನ ಭಾವನ ಹತ್ತಿರ ಕ್ಯಾಮೆರಾ ಇದೆ ಎಂದುಬಿಟ್ಟ. ಹೆಂಡತಿಯ ಅಣ್ಣನಾದ ಈ ಭಾವ ಮಾತಿನಲ್ಲಿ ಬಲು ಜಿಪುಣ. ಕ್ಯಾಮೆರಾ ಕೈಗಿಟ್ಟು, ಸಂಜೆ ಬಂದು ಒಯ್ಯುತ್ತೇನೆ ಎಂದಷ್ಟೇ ಹೇಳಿ ಹೋದ. ಉಳಿದದ್ದನ್ನು ಹೆಂಡತಿ ಹೇಳಿದಳು.

“ಹೋದ ಸಲ ಅಣ್ಣನ ಛತ್ರಿ ಒಯ್ದು ಬರೀ ಹಿಡಿ ವಾಪಸ್ ತಂದ್ರಿ. ಇದಕ್ಕೇನಾದ್ರೂ ಆದ್ರೆ ನಾನು ತವರಿನ ಕಡೆ ತಲೆ ಹಾಕೋ ಹಾಗಿಲ್ಲ.”

ಗುಮಾಸ್ತನಿಗೆ ನಿಜಕ್ಕೂ ಹೆದರಿಕೆಯಾಯಿತು. ಪಕ್ಕದ ಮನೆಯ ಟೈಲರ್ ಯಾರೂ ಕರೆಯದೆ ಬಂದು, ಉಪ್ಪುಗಾಳಿ ಕಬ್ಬಿಣದ ಗೇಟನ್ನೇ ತಿಂದುಹಾಕುತ್ತದೆ, ಇದು ಯಾವ ಲೆಕ್ಕ ಎಂದು ಇನ್ನಷ್ಟು ಹೆದರಿಸಿದ. ಆಮೇಲೆ ತಾನೇ ಕನಿಕರಪಟ್ಟು, ಟೇಪು ಹಿಡಿದು ಅಳತೆ ತೆಗೆದು, ಕ್ಯಾಮೆರಾಕ್ಕೆ ರೇನ್‌ಕೋಟು ಹೊಲಿದುಕೊಟ್ಟ. ಅದಕ್ಕೆ ಕಾಲರ್ ಬೇರೆ, ಎರಡು ಜೇಬು ಬೇರೆ.

ಮ್ಯಾನೇಜರ್ ಮೊಣಕಾಲುದ್ದ ನೀರಿಗಿಳಿದು, ಹಿಂದೆ ಅಲೆ ಎದ್ದಾಗಲೇ ತೆಗೆಯಬೇಕೆಂದು ಅಪ್ಪಣೆ ಕೊಡಿಸಿದರು. ಎದ್ದ ಅಲೆ ಅವರನ್ನು ಬಿಟ್ಟು ಗುಮಾಸ್ತನನ್ನು ಕೆಡವಿತು. ನೀರಿನ ಮೇಲೆ ಎರಡು ಕೈ, ಆ ಕೈಗಳಲ್ಲಿ ಕಾಲರ್ ಏರಿಸಿದ ಕ್ಯಾಮೆರಾ, ಅಷ್ಟೇ ಕಾಣುತ್ತಿತ್ತು. ಆಫೀಸಿನವರು ಓಡಿಬಂದು ಮೊದಲು ಕ್ಯಾಮೆರಾವನ್ನು ದಡ ಸೇರಿಸಿ, ಒರೆಸಿ, ನೆರಳಿನಲ್ಲಿಟ್ಟರು. ಗುಮಾಸ್ತ ನೆನಪಾದದ್ದು ಆಮೇಲೆ.

ಮನೆಗೆ ಬಂದರೆ ಟೈಲರ್ ಕಾದು ಕೂತಿದ್ದ. ರೇನ್‌ಕೋಟು ಬಿಚ್ಚಿ ನೋಡಿದರೆ ಎಲ್ಲೂ ಒಂದು ಹನಿಯಿಲ್ಲ. ಆದರೂ ಟೈಲರ್‌ಗೆ ಸಮಾಧಾನವಾಗಲಿಲ್ಲ. ಬ್ಯಾಟರಿಯ ಮುಚ್ಚಳ ತೆಗೆದು, ಒಳಗಿನ ರಬ್ಬರ್ ಬಳೆಯ ಸಂದಿಯಲ್ಲಿ ತೇವ ಕೂರುತ್ತದೆ ಎಂದು ಅದನ್ನು ಸೂಜಿಯಿಂದ ಎಬ್ಬಿಸಿ, ಗುಮಾಸ್ತನ ಕೈಗಿತ್ತು, ಮುಚ್ಚಳ ಹಾಕಿದ. ಅಷ್ಟರಲ್ಲಿ ಭಾವ ಬಂದ.

“ಒಂದು ಹನಿ ತಾಗಿಸಿಲ್ಲ ಭಾವ, ನಾನೇ ಮುಳುಗಿದೆ,” ಎಂದ ಗುಮಾಸ್ತ, ಎದೆಯುಬ್ಬಿಸಿ.

ಭಾವ ಜೀವಮಾನದಲ್ಲಿ ಮೊದಲ ಸಲ ಜೋರಾಗಿ ನಕ್ಕ. ನಗುತ್ತಲೇ ಬಚ್ಚಲಿಗೆ ನಡೆದು ಕ್ಯಾಮೆರಾವನ್ನು ನೀರು ತುಂಬಿದ ಬಕೆಟ್ಟಿಗೆ ಇಳಿಬಿಟ್ಟ.

“ಇದು ನೀರೊಳಗೆ ಮೀನಿನ ಫೋಟೋ ತೆಗೆಯೋ ಕ್ಯಾಮೆರಾ ಕಣಯ್ಯಾ. ಸಮುದ್ರಕ್ಕೆ ಹೋಗಿ ಬಂದ್ಮೇಲೆ ಉಪ್ಪು ಬಿಡೋಕೆ ಸಿಹಿನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಬೇಕು. ಒಳಗೊಂದು ರಬ್ಬರ್ ಬಳೆ ಇದೆ, ಅದಿರೋವರೆಗೂ ಏನೂ ಆಗಲ್ಲ.”

ಬಕೆಟ್ಟಿನಲ್ಲಿ ಗುಳುಗುಳು ಎಂದು ಗುಳ್ಳೆ ಏಳತೊಡಗಿತು. ಗುಮಾಸ್ತ ಮುಷ್ಟಿಯನ್ನು ಇನ್ನಷ್ಟು ಬಿಗಿಹಿಡಿದ.