ನನ್ನ ಗಂಡನ ಮಾತು ಯಾವ ವಿಭಾಗಕ್ಕೆ ಸೇರುತ್ತದೆ?

ಮಾನ್ಯ ರೋಗಿ-ಅನುಭವ ಅಧಿಕಾರಿಗಳೇ,

ತಮಗೂ, ತಮ್ಮ ತಂಪು ಕೊಠಡಿಗೂ, ಅಲ್ಲಿ ಯಾರೂ ಕೂರದೆ ಹೊಸದಾಗಿಯೇ ಉಳಿದಿರುವ ಸೋಫಾಕ್ಕೂ ಕೋಲ್ಕತ್ತದ ಬಾಲಿಗಂಜಿನ ಜಯಂತಿಯ ಗೌರವಪೂರ್ವಕ ನಮಸ್ಕಾರಗಳು. ಕುಂದಾಪುರ ಕಡೆಯವರೂ ಇಲ್ಲಿನ ಬ್ಯಾಂಕೊಂದರಲ್ಲಿ ಅಧಿಕಾರಿಗಳೂ ಆಗಿರುವ ನನ್ನ ಯಜಮಾನರು ಭೋಜ, ಬೆಳಗಿನ ಚಹಾ ಕುಡಿಯುತ್ತಿದ್ದಾಗಲೇ ಬಾಯಿ ಓರೆಯಾಗಿ, ಬಲಗೈ ಸೋತು, ಪಾರ್ಶ್ವವಾಯುವೆಂದು ತಮ್ಮ ಆಸ್ಪತ್ರೆ ಸೇರಿದರು. ಅವರ ಜೀವ ಉಳಿಸಿದ್ದಕ್ಕೆ ಮೊದಲು ಕೃತಜ್ಞತೆಗಳು. ಈ ಮಾತಿನಲ್ಲಿ ವ್ಯಂಗ್ಯವಿಲ್ಲ. ಮುಂದಿನವುಗಳ ಬಗ್ಗೆ ಆ ಭರವಸೆ ಕೊಡಲಾರೆ.

ಒಬ್ಬ ಮನುಷ್ಯನನ್ನು ಇಷ್ಟು ಜನ ಇಷ್ಟು ಚೆನ್ನಾಗಿ ಹಂಚಿಕೊಳ್ಳಬಹುದೆಂದು ನನಗೆ ತಿಳಿದದ್ದೇ ತಮ್ಮಲ್ಲಿ. ನರರೋಗ ತಜ್ಞರು ಮಿದುಳನ್ನು ನೋಡುತ್ತಾರೆ, ಅದರ ಚಿತ್ರ ತೆಗೆಯುವವರು ಬೇರೆ, ಆ ಚಿತ್ರ ಓದಿ ವರದಿ ಬರೆಯುವವರು ಇನ್ನೂ ಬೇರೆ. ಫಿಸಿಯೋಥೆರಪಿಸ್ಟರು ಕಾಲನ್ನು ನಡೆಸಿ, ಭುಜವನ್ನು ತಿರುಗಿಸಿ, ಮಣಿಕಟ್ಟಿನ ಹತ್ತಿರ ಗಡಿ ಬಂದಂತೆ ನಿಂತುಬಿಡುತ್ತಾರೆ. ಬೆರಳುಗಳು ಆಕ್ಯುಪೇಷನಲ್ ಥೆರಪಿಸ್ಟರದು, ಅಂಗಿಯ ಗುಂಡಿ ಹಾಕುವುದನ್ನೂ ಲೋಟ ಹಿಡಿಯುವುದನ್ನೂ ಕಲಿಸುವವರು ಅವರೇ. ನುಂಗುವುದೂ ಮಾತಾಡುವುದೂ ಸ್ಪೀಚ್ ಥೆರಪಿಸ್ಟರದು. ನುಂಗಿದ್ದು ಏನೆಂಬುದು ಮಾತ್ರ ಆಹಾರ ತಜ್ಞೆಯದು. ಎಲ್ಲರೂ ತಮ್ಮ ಪಾಲಿನ ಭೋಜರನ್ನು ಶ್ರದ್ಧೆಯಿಂದ ನೋಡಿಕೊಂಡರು.

ತೊಂದರೆ ಶುರುವಾದದ್ದು ದಾಖಲಾತಿ ಕೌಂಟರಿನಲ್ಲಿ. ಅಲ್ಲಿನ ಮಹನೀಯರು ನಮ್ಮ ಹೆಸರು ಕೇಳಿದವರೇ, ಮಾತೃಭಾಷೆಯ ಜಾಗದಲ್ಲಿ ನಮ್ಮನ್ನು ಕೇಳದೆ 'ದಕ್ಷಿಣ ಭಾರತೀಯ' ಎಂದು ತುಂಬಿಸಿದರು. ಈ ಹೊಸ ಭಾಷೆಯ ಆವಿಷ್ಕಾರಕ್ಕೆ ಅವರನ್ನು ಅಭಿನಂದಿಸಬೇಕು. ಅದನ್ನು ಬಲ್ಲವರು ಸಿಗದ ಕಾರಣ ಸ್ಪೀಚ್ ಥೆರಪಿಸ್ಟ್ ಸೊಹಿನಿ ಅವರು ಬಂಗಾಳಿ, ಹಿಂದಿ, ಇಂಗ್ಲಿಷಿನಲ್ಲೇ ಚಿತ್ರ ತೋರಿಸಿ ಇದೇನು, ಅದೇನು ಎಂದು ಕೇಳಿದರು. ನನ್ನ ಯಜಮಾನರಿಗೆ ಆ ಮೂರೂ ಚೆನ್ನಾಗಿ ಬರುತ್ತಿದ್ದವು; ಆದರೆ ಪಾರ್ಶ್ವವಾಯು ಆಮೇಲೆ ಕಲಿತದ್ದನ್ನೆಲ್ಲ ಕಿತ್ತುಕೊಂಡು ಮನೆಮಾತನ್ನಷ್ಟೇ ಬಿಟ್ಟುಹೋಗಿತ್ತು. ತೆಂಗಿನಕಾಯಿಯ ಚಿತ್ರಕ್ಕೆ ಅವರು 'ಕಾಯಿ' ಅಂದರು. ಬಂಗಾಳಿ ಕಿವಿಗೆ ಅದು 'ಖಾಇ', ಅಂದರೆ 'ತಿನ್ನುತ್ತೇನೆ' ಎಂದು ಕೇಳಿಸಿತಂತೆ. ಕೂಡಲೇ ಆಹಾರ ತಜ್ಞೆಗೆ ಸುದ್ದಿ ಹೋಗಿ, ರೋಗಿಗೆ ಹಸಿವೆಂದು ಗಂಜಿ ಹೆಚ್ಚಿತು. ತೆಂಗಿನಕಾಯಿಗೆ ಸರಿಯಾಗಿ ಹೆಸರು ಹೇಳಿದ್ದಕ್ಕೆ ಗಂಜಿ ಬಹುಮಾನ ಪಡೆದವರು ಕೋಲ್ಕತ್ತದಲ್ಲಿ ಇವರೊಬ್ಬರೇ ಇರಬೇಕು.

ಉಳಿದ ಉತ್ತರಗಳೆಲ್ಲ 'ಅರ್ಥವಿಲ್ಲದ ಶಬ್ದಗಳು' ಎಂದು ದಾಖಲಾದವು. ಥೆರಪಿಯ ಕೋಣೆಯೊಳಗೆ ನಮ್ಮನ್ನು ಬಿಡುತ್ತಿರಲಿಲ್ಲವಾದ್ದರಿಂದ ಇದೊಂದೂ ನಮಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ಮೊದಲ ದಿನಗಳಲ್ಲಿ ತೊದಲುತ್ತಲಾದರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಬರಬರುತ್ತಾ ಬಾಯಿಯನ್ನೇ ತೆರೆಯದಾದರು. ನಾನು ಮಾತಾಡಿಸಿದರೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಏನು ಹೇಳಿದರೂ ಎದುರಿನವರು ಕನಿಕರದಿಂದ ತಲೆಯಾಡಿಸುವುದನ್ನು ದಿನವೂ ಕಂಡ ಮನುಷ್ಯ, ತನ್ನ ಮಾತು ನಿಜವಾಗಿಯೂ ಹೋಗಿದೆ ಎಂದು ನಂಬಿಬಿಟ್ಟಿದ್ದರು. ತಮ್ಮ ಆಪ್ತಸಲಹೆಗಾರರು ಬಂದು, ಇನ್ನು ಮಾತಿನ ಆಸೆ ಬಿಟ್ಟು ಸನ್ನೆಗಳನ್ನು ಕಲಿಯಿರಿ ಎಂದು ನನಗೆ ಬಹಳ ಮೃದುವಾಗಿ ಹೇಳಿದರು. ಲಿಫ್ಟಿನ ಪಕ್ಕ ನಿಂತು ಅತ್ತೆ. ಅಳುವವರಿಗೊಂದು ವಿಭಾಗವಿದ್ದರೆ ಅಲ್ಲಿಗೇ ಹೋಗುತ್ತಿದ್ದೆ.

ಒಂದು ದಿನ ಗಾಲಿಕುರ್ಚಿ ತಳ್ಳುವವರು ರಜೆಯಲ್ಲಿದ್ದುದರಿಂದ ಕಾಲೇಜಿಗೆ ಹೋಗುವ ನಮ್ಮ ಮಗಳು ಅಮಿತಾ ಅಪ್ಪನನ್ನು ತಳ್ಳಿಕೊಂಡು ಒಳಗೆ ಹೋದಳು. ಸೊಹಿನಿ ಪೊರಕೆಯ ಚಿತ್ರ ತೋರಿಸಿ ಮತ್ತೆ ಮತ್ತೆ ಕೇಳಿದಾಗ, ಇವರು ಕೇಳಿಯೂ ಕೇಳಿಸದಷ್ಟು ಮೆಲ್ಲಗೆ, "ಹಿಡ್ಸೂಡಿ" ಅಂದರಂತೆ. ಅಮಿತಾಳಿಗೆ ನಗು ಬಂತು.

"ದೀದಿ, ಅಪ್ಪ ಕರೆಕ್ಟಾಗಿ ಹೇಳಿದ್ರು. ನಮ್ಮನೇಲಿ ಝಾಡೂಗೆ ಹಾಗೇ ಅನ್ನೋದು."

ಸೊಹಿನಿ ಚಿತ್ರವನ್ನು ಕೆಳಗಿಟ್ಟು, "ಹಾಗಾದರೆ ಇಷ್ಟು ದಿನ ಇವರು ಹೇಳಿದ್ದೆಲ್ಲ?" ಎಂದು ಕೇಳಿದರು. ಉತ್ತರ ಕೊಟ್ಟದ್ದು ಅಮಿತಾ ಅಲ್ಲ. ಅವಳ ಅಪ್ಪ ಅವಳ ಕೈ ಹಿಡಿದು, "ಹಂಗಾರೆ ನಾ ಹೇಳುದ್ ನಿಂಗೆ ಅರ್ಥ ಆತ್ತಾ, ಅಮಿ?" ಅಂದರು. ಸ್ವತಃ ಕನ್ನಡ ತಡವರಿಸುವ ನಮ್ಮ ಮಗಳು ಅಂದಿನಿಂದ ದಿನವೂ ಆ ಕೋಣೆಯಲ್ಲಿ ಕುಳಿತಳು. ಸೊಹಿನಿಯೂ ಚಿತ್ರಗಳನ್ನೆಲ್ಲ ಮೊದಲಿನಿಂದ ತೋರಿಸಿದರು. ನನ್ನ ಯಜಮಾನರು ಈಗ ನನ್ನ ಸಾರಿಗೆ ಉಪ್ಪು ಕಡಿಮೆಯೆಂದು ಹೇಳುವಷ್ಟು ಗುಣವಾಗಿದ್ದಾರೆ, ಗರಿಯಾಹಾಟ್ ಮಾರುಕಟ್ಟೆಯ ಮೀನಿನವರ ಹತ್ತಿರ, ಮರಳಿ ಬಂದ ಬಂಗಾಳಿಯಲ್ಲೇ ಚೌಕಾಸಿಗೂ ಇಳಿದಿದ್ದಾರೆ.

ಆದರೆ ತಮ್ಮ ಡಿಸ್ಚಾರ್ಜ್ ವರದಿಯಲ್ಲಿ ಅವರಿನ್ನೂ ಮೂಕರು. ತಿದ್ದಿಕೊಡಿ ಎಂದರೆ ನರರೋಗ ತಜ್ಞರು ಮಾತು ತಮ್ಮದಲ್ಲವೆಂದರು. ಸೊಹಿನಿ ಬರೆದುಕೊಟ್ಟ ಹೊಸ ಟಿಪ್ಪಣಿಗೆ ಹಳೆಯ ವರದಿಯಲ್ಲಿ ಜಾಗವಿರಲಿಲ್ಲ. ದಾಖಲೆ ವಿಭಾಗದವರು ರೋಗಿಯೇ ಖುದ್ದಾಗಿ ಬಂದು ಕೇಳಬೇಕೆಂದರು. ಇವರು ಹೋಗಿ, ನಿಂತು, ಸ್ಪಷ್ಟವಾಗಿ ಕೇಳಿದರು. ಮಾತು ಬಾರದವರ ಹೇಳಿಕೆಯನ್ನು ಸ್ವೀಕರಿಸಲು ನಿಯಮವಿಲ್ಲವೆಂಬ ಉತ್ತರ ಸಿಕ್ಕಿತು. ಪುಣ್ಯಕ್ಕೆ ಬ್ಯಾಂಕಿನ ಮ್ಯಾನೇಜರ್ ಜಯತೀರ್ಥರು ಮನೆಗೆ ಬಂದು, ವರದಿಯನ್ನು ಮಡಚಿಟ್ಟು, ತಮ್ಮ ಕಿವಿಯನ್ನೇ ನಂಬಿದರು. ಇವರು ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾರೆ.

ಆದ್ದರಿಂದ ನನ್ನ ವಿನಂತಿ ಸಣ್ಣದು. ಇಷ್ಟೊಂದು ತಜ್ಞರ ನಡುವೆ ರೋಗಿ ಹೇಳಿದ್ದನ್ನು ಕೇಳಿಸಿಕೊಳ್ಳುವ ಹುದ್ದೆಯೊಂದನ್ನು ಸೃಷ್ಟಿಸಿ. ಅದು ಕಷ್ಟವಾದರೆ, ಮತ್ತು ವರದಿಯನ್ನು ತಿದ್ದುವುದು ಎಂದಿಗೂ ಸಾಧ್ಯವಿಲ್ಲವಾದರೆ, ನನ್ನ ಯಜಮಾನರನ್ನೇ ಕರೆಸಿಕೊಂಡು ವರದಿಗೆ ಸರಿಹೊಂದುವಂತೆ ತಿದ್ದಿಕೊಡಿ. ಆ ಕೆಲಸ ಯಾವ ತಜ್ಞರದೆಂದು ತಿಳಿಸಿದರೆ ನಾನೇ ಕರೆತರುತ್ತೇನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಜಯಂತಿ
ಬಾಲಿಗಂಜ್, ಕೋಲ್ಕತ್ತ

ಮರೆತ ಮಾತು: ಈ ಪತ್ರ ಕನ್ನಡದಲ್ಲಿದೆ. ತಮ್ಮಲ್ಲಿ ಯಾರಿಗೂ ಓದಲು ಬಾರದಿದ್ದರೆ ಚಿಂತೆಯಿಲ್ಲ. ನನಗೆ ಬರೆಯಲು ಬಾರದೆಂದು ಮಾತ್ರ ದಾಖಲಿಸಬೇಡಿ.